ಸುರಂಗ ಭದ್ರ, ಪಾಸ್‌ವರ್ಡ್ ಗೋಡೆಗೆ

ತಿಪಟೂರಿನ ಕಚೇರಿಯೊಂದರಲ್ಲಿ ಒಂದು ಹೆಣ ದಿನಾ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತದೆ. ಹೆಸರು ಪಿಪಿಟಿಪಿ. ಕಾಯಿಲೆ ಪತ್ತೆಯಾದದ್ದು 1998ರಲ್ಲಿ. ಪ್ರಾಣ ಹೋದದ್ದು 2012ರಲ್ಲಿ. ಮಣ್ಣು ಮಾಡುವವರು ಇನ್ನೂ ಸಿಕ್ಕಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಊರಲ್ಲಿ ಕೂತವನ ಲ್ಯಾಪ್‌ಟಾಪಿಗೂ ಕಚೇರಿಯ ಕಂಪ್ಯೂಟರಿಗೂ ನಡುವೆ, ಹತ್ತೂ ಜನ ಓಡಾಡುವ ಇಂಟರ್ನೆಟ್ಟಿನೊಳಗೇ, ಹೊರಗಿನವರ ಕಣ್ಣಿಗೆ ಬೀಳದ ಸುರಂಗ ಕೊರೆಯುವುದು ವಿಪಿಎನ್. ಅದನ್ನು ಹೇಗೆ ಕೊರೆಯಬೇಕು, ಬಂದವನು ನಮ್ಮವನೇ ಎಂದು ಹೇಗೆ ಗುರುತಿಸಬೇಕು, ಯಾವ ಗೂಢಲಿಪಿ ಬಳಸಬೇಕು ಎಂಬ ಕಟ್ಟುಪಾಡೇ ಪ್ರೊಟೊಕಾಲ್. ಕಟ್ಟುಪಾಡು ಹುಳುಕಾದರೆ ಸುರಂಗ ಇದ್ದೂ ಇಲ್ಲ.

ಅಂಥ ಒಂದು ಹಳೆಯ ಕಟ್ಟುಪಾಡು ಪಿಪಿಟಿಪಿ. ಅದರ ಹುಳುಕನ್ನು 1998ರಲ್ಲಿ ಗೂಢಲಿಪಿ ತಜ್ಞ ಬ್ರೂಸ್ ಶ್ನೈಯರ್ ಮತ್ತು ಮಜ್ ಎಂಬ ಅಡ್ಡಹೆಸರಿನ ಹ್ಯಾಕರ್ ಬಿಚ್ಚಿ ತೋರಿಸಿದರು. ಮೈಕ್ರೋಸಾಫ್ಟ್ ತೇಪೆ ಹಾಕಿತು. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಆ ತೇಪೆಯನ್ನೂ ಕಿತ್ತರು. ಸುರಂಗಕ್ಕೆ ಇಳಿಯುವವನ ಲಾಗಿನ್ ಮಾತುಕತೆ ಕೈಗೆ ಸಿಕ್ಕರೆ ಸಾಕು, ಒಂದು ದಿನದೊಳಗೆ ಒಡೆಯಬಹುದು ಎಂದು ಮಾಡಿ ತೋರಿಸಿದರು. 2016ರಲ್ಲಿ ಆ್ಯಪಲ್ ತನ್ನ ಫೋನು, ಕಂಪ್ಯೂಟರುಗಳಿಂದ ಪಿಪಿಟಿಪಿಯನ್ನು ಕಿತ್ತೆಸೆಯಿತು. 2024ರ ಅಕ್ಟೋಬರ್‌ನಲ್ಲಿ ಹೆತ್ತ ಮೈಕ್ರೋಸಾಫ್ಟೇ, ಮುಂದಿನ ಸರ್ವರ್‌ಗಳಲ್ಲಿ ಇದನ್ನು ಕೈಬಿಡುತ್ತೇವೆ ಎಂದಿತು.

ಹೆತ್ತವರೇ ಬಿಟ್ಟದ್ದನ್ನು ನಮ್ಮ ಕಚೇರಿ ಬಿಡುವುದಿಲ್ಲ. ಕೇಳಿದರೆ ಉತ್ತರ ಸಿದ್ಧ. “ನಡೀತೈತಲ್ಲ, ಬುಡಿ ಸಾ.” ನಮ್ಮ ಸೈಬರ್ ಭದ್ರತಾ ನೀತಿಯ ಪೂರ್ಣಪಾಠ ಇಷ್ಟೇ.

ಇದೇ ಊರಿನ ಎಪಿಎಂಸಿ ಅಂಗಳಕ್ಕೆ ಹೋಗಿ ನೋಡಿ. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ, ಚೀಲದ ತಳಕ್ಕೆ ಕೈ ಹಾಕಿ ಎತ್ತಿ ಒಡೆದು ನೋಡದೆ ಯಾರೂ ರೇಟಿನ ಮಾತು ಎತ್ತುವುದಿಲ್ಲ. ಕೌಟು ಬಂದರೆ ಮುಖ ಕಿವುಚಿ ಅತ್ತ ತಳ್ಳುತ್ತಾರೆ. ಅದೇ ಮನುಷ್ಯ, ತನ್ನ ಇಡೀ ಮಂಡಿಯ ಲೆಕ್ಕ ಹೊತ್ತೊಯ್ಯುವ ಪ್ರೊಟೊಕಾಲನ್ನು ಡಬ್ಬಿಯ ಮೇಲಿನ ಬಣ್ಣ ನೋಡಿ ಕೊಳ್ಳುತ್ತಾನೆ.

ಇದು ಬೆಂಗಳೂರಿನ ಟೆಕ್ಕಿಗಳ ತಲೆನೋವು, ನಮಗೇಕೆ ಎನ್ನಬೇಡಿ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಹೆದರಿ ಬೆಂಗಳೂರು ಬಾಗಿಲು ಹಾಕಿದಾಗ ಟೆಕ್ಕಿ ಎಲ್ಲಿಗೆ ಬಂದ? ನೊಣವಿನಕೆರೆಗೆ ಬಂದ. ಮಾಯಸಂದ್ರಕ್ಕೆ ಬಂದ. ಹುಳಿಯಾರಿಗೆ ಬಂದ. ಅಟ್ಟದ ಮೇಲೆ ತೆಂಗಿನಕಾಯಿ ಒಣಗುತ್ತಿದ್ದರೆ ಕೆಳಗೆ ಅಮೆರಿಕದ ಬ್ಯಾಂಕಿನ ಕೋಡು ಬರೆದ. ಸಿಗ್ನಲ್ ಸಿಗದಿದ್ದಾಗ ತೋಟದ ಬದುವಿನ ಮೇಲೆ ನಿಂತು ಮ್ಯಾನೇಜರಿಗೆ “ಆಡಿಬಲ್ಲಾ?” ಎಂದು ಕೂಗಿದ.

ಮಂಡಿಗಳ ಕಥೆಯೂ ಬೇರೆಯಲ್ಲ. ಲೆಕ್ಕ ಟ್ಯಾಲಿಯಲ್ಲಿ. ಟ್ಯಾಲಿ ತಿಪಟೂರಿನಲ್ಲಿ. ಲೆಕ್ಕ ಬರೆಯುವವನು ತುಮಕೂರಿನಲ್ಲಿ. ಜಿಎಸ್‌ಟಿ ತುಂಬುವವನು ಬೆಂಗಳೂರಿನಲ್ಲಿ. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ರೂಪಾಯಿ ದಾಟಿದ ಮೇಲೆ ಆ ಕಂಪ್ಯೂಟರಿನೊಳಗೆ ಇರುವುದೇನು ಎಂದು ಬಿಡಿಸಿ ಹೇಳಬೇಕೆ? ಯಾರ ಗೋದಾಮಿನಲ್ಲಿ ಎಷ್ಟು ಚೀಲ, ಯಾವ ರೈತನಿಗೆ ಎಷ್ಟು ಬಾಕಿ, ಯಾರ ಖಾತೆ ಸಂಖ್ಯೆ ಏನು, ಎಲ್ಲವೂ.

ಅದಕ್ಕೆ ಕಾವಲೇನು? ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದಾರೆ. ಅಂಥ ತೆರೆದ ಬಾಗಿಲು ಹುಡುಕುವ ಯಂತ್ರಗಳು ಜಗತ್ತಿನಲ್ಲಿ ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಅವಕ್ಕೆ ತಿಪಟೂರೂ ಒಂದೇ, ಟೋಕಿಯೊವೂ ಒಂದೇ. ಇನ್ನು ಕೆಲವರದು ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಆ್ಯಪ್. ಆ ಕಂಪನಿಯ ಸರ್ವರ್‌ಗಳಿಗೇ ಕಳ್ಳರು ನುಗ್ಗಿದ್ದರೆಂದು 2024ರ ಫೆಬ್ರುವರಿಯಲ್ಲಿ ಕಂಪನಿಯೇ ಒಪ್ಪಿಕೊಂಡು, ಪಾಸ್‌ವರ್ಡ್ ಬದಲಿಸಿ ಎಂದು ಹೇಳಿತು. ನಮ್ಮಲ್ಲಿ ಯಾರು ಬದಲಿಸಿದರು? ಬದಲಿಸಿದರೆ ತುಮಕೂರಿನವನಿಗೆ ಮತ್ತೆ ಫೋನ್ ಮಾಡಿ ಹೇಳಬೇಕಲ್ಲ!

ಕಚೇರಿ ದೊಡ್ಡದಾದರೆ ಮೂರ್ಖತನವೂ ವಿಧಿವತ್ತಾಗುತ್ತದೆ. ಸಮಿತಿ ಕೂರುತ್ತದೆ. ಮೂರು ದರಪಟ್ಟಿ ತರಿಸುತ್ತಾರೆ. ಮೂರೂ ಒಂದೇ ಅಂಗಡಿಯಲ್ಲಿ ಟೈಪಾಗಿರುತ್ತವೆ. ಮಾರುವವನು “ಮಿಲಿಟರಿ ದರ್ಜೆಯ ಭದ್ರತೆ” ಎನ್ನುತ್ತಾನೆ. ಯಾವ ದೇಶದ ಮಿಲಿಟರಿ ಎಂದು ಸಮಿತಿ ಕೇಳುವುದಿಲ್ಲ. ಬೋಂಡಾ ಬರುತ್ತದೆ. ಸಭೆ ಮುಗಿಯುತ್ತದೆ. ಪ್ರೊಟೊಕಾಲ್ ಎಂಬ ಪದ ಒಮ್ಮೆ ಕೇಳಿಬಂದಿರುತ್ತದೆ, ಸಚಿವರ ಭೇಟಿಯ ವಿಷಯದಲ್ಲಿ.

ಸಮಿತಿ ಮಾಡದ ಕೆಲಸಕ್ಕೆ ಅರ್ಧ ಗಂಟೆ ಸಾಕು. ನೋಡೋಣ.

ಎಲ್2ಟಿಪಿ. ಇದಕ್ಕೆ ಸ್ವಂತ ಗೂಢಲಿಪಿಯೇ ಇಲ್ಲ. ಐಪಿಸೆಕ್ ಎಂಬ ಗೂಢಲಿಪಿ ವ್ಯವಸ್ಥೆಯ ಹೆಗಲೇರಿ ಬರುತ್ತದೆ. ಹೆಚ್ಚಿನ ಕಡೆ ಕಚೇರಿಯವರೆಲ್ಲರಿಗೂ ಸೇರಿ ಒಂದೇ ಗುಟ್ಟಿನ ಕೀಲಿಪದ. ನೂರು ಜನಕ್ಕೆ ಗೊತ್ತಿರುವುದನ್ನು ಗುಟ್ಟು ಎನ್ನಲು ಧೈರ್ಯ ಬೇಕು. ಮೈಕ್ರೋಸಾಫ್ಟ್ 2024ರಲ್ಲಿ ಪಿಪಿಟಿಪಿಯ ಜೊತೆಗೇ ಇದನ್ನೂ ಹೊರಗಟ್ಟುವ ಪಟ್ಟಿಗೆ ಸೇರಿಸಿದೆ.

ಓಪನ್‌ವಿಪಿಎನ್. 2001ರಲ್ಲಿ ಜೇಮ್ಸ್ ಯೋನನ್ ಬರೆದದ್ದು. ಕೋಡು ಎಲ್ಲರಿಗೂ ಮುಕ್ತ, ಇಪ್ಪತ್ತಕ್ಕೂ ಹೆಚ್ಚು ವರ್ಷ ಏಟು ತಿಂದು ಗಟ್ಟಿಯಾಗಿದೆ. ಹೋಟೆಲು, ಕಾಲೇಜುಗಳ ವೈಫೈ ಉಳಿದೆಲ್ಲ ದಾರಿ ಮುಚ್ಚಿದಾಗ, ವೆಬ್‌ಸೈಟುಗಳು ಬಳಸುವ 443ನೇ ಪೋರ್ಟಿನಲ್ಲೇ ನುಸುಳಿ ಹೋಗುತ್ತದೆ. ಆದರೆ ಹಾಗೆ ಟಿಸಿಪಿಯೊಳಗೆ ಟಿಸಿಪಿ ತುರುಕಿದಾಗ, ಸಿಗ್ನಲ್ ಚೂರು ಕೆಟ್ಟರೂ ಒಳಗಿನದೂ ಹೊರಗಿನದೂ ಒಟ್ಟಿಗೆ “ಮತ್ತೆ ಕಳಿಸು” ಎಂದು ಕೂಗಿ ದಾರಿ ಕಟ್ಟಿಕೊಳ್ಳುತ್ತದೆ. ಬೇರೆ ದಾರಿ ಇಲ್ಲದಾಗ ಇರಲಿ, ಮೊದಲ ದಾರಿಯಾಗಿ ಬೇಡ.

ಐಕೆಇವಿ2, ಐಪಿಸೆಕ್ ಜೋಡಿ. 2005ರ ಹುಟ್ಟು. ವಿಂಡೋಸ್, ಐಫೋನ್, ಈಚಿನ ಆಂಡ್ರಾಯ್ಡ್ ಎಲ್ಲದರೊಳಗೂ ಮೊದಲೇ ಇದೆ. ಬೇರೆ ಆ್ಯಪ್ ಬೇಡ. ಅಮೆರಿಕದ ಎನ್‌ಎಸ್‌ಎ ಮತ್ತು ಸೀಸಾ ಎಂಬ ಭದ್ರತಾ ಸಂಸ್ಥೆಗಳು 2021ರ ಸೆಪ್ಟೆಂಬರ್‌ನಲ್ಲಿ ಜಂಟಿಯಾಗಿ ಶಿಫಾರಸು ಮಾಡಿದ್ದು ಇಂಥ ಮಾನಕಬದ್ಧ ದಾರಿಯನ್ನೇ. ಹೊಂದಿಸುವುದು ಮಾತ್ರ ಕಷ್ಟ. ತಪ್ಪು ಗೂಢಲಿಪಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದರಲ್ಲಿ ಬೇಕಾದಷ್ಟಿದೆ.

ವೈರ್‌ಗಾರ್ಡ್. ಜೇಸನ್ ಡೋನೆನ್‌ಫೆಲ್ಡ್ ಬರೆದದ್ದು. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನೆಲ್ ಸೇರಿತು. ನಮ್ಮ ಹುಡುಗರು ಬ್ಯಾಗು ಹೊತ್ತು ಊರಿನ ಬಸ್ಸು ಹತ್ತಿದ ತಿಂಗಳೇ ಅದು. ಕರ್ನೆಲ್ಲಿಗೆ ಸೇರಿದ ಕೋಡು ಸುಮಾರು 4,000 ಸಾಲು. ಒಬ್ಬ ಮನುಷ್ಯ ಕೂತು ಓದಿ ಮುಗಿಸಬಹುದು. ಹಳಬರದು ಲಕ್ಷದ ಲೆಕ್ಕ. ಇದರಲ್ಲಿ ಗೂಢಲಿಪಿ ಆರಿಸುವ ಅವಕಾಶವೇ ಇಲ್ಲ, ಎಲ್ಲ ಮೊದಲೇ ನಿಗದಿ. ಆಯ್ಕೆ ಕೊಟ್ಟರೆ ನಾವು ಕೆಟ್ಟದ್ದನ್ನೇ ಆರಿಸುತ್ತೇವೆ ಎಂದು ಬರೆದವನಿಗೆ ಗೊತ್ತಿದ್ದಿರಬೇಕು.

ವೈರ್‌ಗಾರ್ಡ್‌ಗೂ ಕೊರತೆ ಇದೆ. ಅದು ಗುರುತಿಸುವುದು ಯಂತ್ರದಲ್ಲಿರುವ ಕೀಲಿಯನ್ನು, ಮನುಷ್ಯನನ್ನಲ್ಲ. ಬಳಕೆದಾರನ ಹೆಸರು, ಒಟಿಪಿ ಯಾವುದೂ ಅದರೊಳಗಿಲ್ಲ, ಮೇಲಿಂದ ಬೇರೆ ಜೋಡಿಸಬೇಕು. ಲ್ಯಾಪ್‌ಟಾಪ್ ಕಳೆದರೆ ಅದೇ ದಿನ ಆ ಕೀಲಿಯನ್ನು ಸರ್ವರ್‌ನಿಂದ ಅಳಿಸುವ ಶಿಸ್ತು ಬೇಕು. ಆದರೆ ನಮ್ಮವರು ಇದನ್ನು ಬೇಡವೆನ್ನಲು ಕಾರಣ ಈ ಕೊರತೆಯಲ್ಲ. ಇದು ಪುಕ್ಕಟೆ. ಬಿಲ್ಲಿಲ್ಲದ ವಸ್ತುವಿಗೆ ಕಮಿಷನ್ನಿಲ್ಲ. ಕಮಿಷನ್ನಿಲ್ಲದ ಭದ್ರತೆ ಭದ್ರತೆಯೇ ಅಲ್ಲ.

ಹಾಗಾಗಿ ಡಬ್ಬಿ ಕೊಳ್ಳುತ್ತಾರೆ. ಎಸ್‌ಎಸ್‌ಎಲ್ ವಿಪಿಎನ್ ಡಬ್ಬಿ. ದೀಪ ಮಿನುಗುತ್ತದೆ, ಉದ್ಘಾಟನೆಯ ಫೋಟೊಗೆ ಚೆನ್ನಾಗಿ ಬೀಳುತ್ತದೆ. ಫೋರ್ಟಿನೆಟ್ ಡಬ್ಬಿಯ ಒಂದು ತೂತಿಗೆ 2019ರ ಮೇನಲ್ಲೇ ತೇಪೆ ಬಂದಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಅದೇ ತೂತಿನಿಂದ ಕದ್ದ, ಜಗತ್ತಿನ 87,000 ಡಬ್ಬಿಗಳ ಲಾಗಿನ್ ವಿವರ ಬಯಲಿಗೆ ಬಿತ್ತು. ಕೆಲವರು ತೇಪೆಯನ್ನೇ ಹಾಕಿರಲಿಲ್ಲ. ಇನ್ನು ಕೆಲವರು ತೇಪೆ ಹಾಕಿ ಪಾಸ್‌ವರ್ಡ್ ಬದಲಿಸಿರಲಿಲ್ಲ. ಇಂಥ ಡಬ್ಬಿಗಳ ತೂತು ಮುಚ್ಚಿ ಸಾಕಾಗಿ ನಾರ್ವೆಯ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2024ರ ಮೇನಲ್ಲಿ, ಎಸ್‌ಎಸ್‌ಎಲ್ ವಿಪಿಎನ್ ಬಿಟ್ಟು ಐಪಿಸೆಕ್‌ಗೆ ಹೋಗಿ ಎಂದು ತನ್ನ ದೇಶದವರಿಗೆ ಹೇಳಿತು. ನಮ್ಮಲ್ಲಿ ಆ ಡಬ್ಬಿ ಇನ್ನೂ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿದೆ. ನಿರ್ವಹಣೆ ಎಂದರೆ ಆಯುಧಪೂಜೆಗೆ ಕುಂಕುಮ ಇಡುವುದು.

ಈಗ ತೆಂಗಿನ ಸೀಮೆಯ ನಿಜವಾದ ಪರೀಕ್ಷೆಗೆ ಬನ್ನಿ. ಕರೆಂಟು.

ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ ಎಂದುಕೊಳ್ಳಿ. ಗಾಳಿಗೆ ಸೋಗೆ ಬಿದ್ದು ತಂತಿ ತಾಗುತ್ತದೆ. ಕರೆಂಟು ಹೋಗುತ್ತದೆ. ರೂಟರ್ ಕಣ್ಣು ಮುಚ್ಚುತ್ತದೆ. ಹುಡುಗ ಫೋನಿನ ಹಾಟ್‌ಸ್ಪಾಟ್ ಹಾಕುತ್ತಾನೆ. ಆ ಕ್ಷಣಕ್ಕೆ ಅವನ ಐಪಿ ವಿಳಾಸವೇ ಬೇರೆ. ಪಿಪಿಟಿಪಿ ಅಲ್ಲೇ ಸಾಯುತ್ತದೆ. ಮೊದಲೇ ಸತ್ತದ್ದು, ಮತ್ತೊಮ್ಮೆ ಸಾಯುತ್ತದೆ. ಐಕೆಇವಿ2ಗೆ 2006ರಲ್ಲಿ ಸೇರಿದ ಮೊಬೈಕ್ ಎಂಬ ಅನುಕೂಲ ಇರುವುದೇ ಇದಕ್ಕೆ. ಜಾಲ ಬದಲಾದರೂ ಸುರಂಗ ಮುರಿಯುವುದಿಲ್ಲ. ವೈರ್‌ಗಾರ್ಡ್ ಕೂಡ ಹೊಸ ವಿಳಾಸದಿಂದ ಸರಿಯಾದ ಕೀಲಿ ಬಂದರೆ ಸುಮ್ಮನೆ ಕೆಲಸ ಮುಂದುವರಿಸುತ್ತದೆ.

ಇನ್ನೊಂದು ಕಷ್ಟ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಸಾವಿರಾರು ಸಿಮ್ಮುಗಳನ್ನು ಕೂರಿಸುತ್ತವೆ. ಜಿಆರ್‌ಇ ಎಂಬ ಹಳೆಯ ಗಾಡಿಯಲ್ಲಿ ಬರುವ ಪಿಪಿಟಿಪಿ ಅಲ್ಲಿ ಮುಗ್ಗರಿಸುತ್ತದೆ. ವೈರ್‌ಗಾರ್ಡ್‌ಗೆ ಒಂದು ಯುಡಿಪಿ ಪೋರ್ಟು ಸಾಕು. 25 ಸೆಕೆಂಡಿಗೊಮ್ಮೆ ಇದ್ದೇನೆ ಎಂದು ಸದ್ದು ಮಾಡಿಸಿಟ್ಟರೆ ನಡುವಿನ ಉಪಕರಣ ದಾರಿಯನ್ನು ಮುಚ್ಚುವುದಿಲ್ಲ.

ಇಷ್ಟನ್ನು ನೋಡಿ ಆರಿಸಬೇಕಾದವರು ಎಲ್ಲಿ ಕೂತಿರುತ್ತಾರೆ? ಬೆಂಗಳೂರಿನ ಹೊರವರ್ತುಲ ರಸ್ತೆಯ ಹವಾನಿಯಂತ್ರಿತ ಕೋಣೆಯಲ್ಲಿ. ಜನರೇಟರ್ ಇದೆ. ಎರಡು ಫೈಬರ್ ಇದೆ. ಅಲ್ಲಿಂದಲೇ ಪ್ರಯೋಗ ಮಾಡಿ “ಸರಾಗವಾಗಿದೆ” ಎಂದು ಬರೆಯುತ್ತಾರೆ. ಆಮೇಲೆ ಚಿಕ್ಕನಾಯಕನಹಳ್ಳಿಯ ಹುಡುಗ ದಿನಕ್ಕೆ ಹತ್ತು ಸಲ ಲಾಗಿನ್ ಆದ ಎಂದು ಅವನಿಗೇ ನೋಟಿಸ್.

ಸರ್ಕಾರದ ಮುಖ ನೋಡೋಣ. ಅದಕ್ಕೆ ಎಷ್ಟು ಮುಖ ಎಂದು ನೀವೇ ಎಣಿಸಿಕೊಳ್ಳಿ.

2020ರ ಫೆಬ್ರುವರಿಯಲ್ಲಿ ಕಾಶ್ಮೀರದ ಪೊಲೀಸರು ವಿಪಿಎನ್ ಮೂಲಕ ಸಾಮಾಜಿಕ ಜಾಲತಾಣ ಬಳಸಿದವರ ಮೇಲೆ ಯುಎಪಿಎ ಅಡಿ ಪ್ರಕರಣ ಹೂಡಿದರು. ಮರು ತಿಂಗಳೇ ದೂರಸಂಪರ್ಕ ಇಲಾಖೆ, ಕಾಲ್ ಸೆಂಟರ್‌ನಂಥ ಸೇವಾ ಕಂಪನಿಗಳು ಮನೆಯಿಂದ ಕೆಲಸ ಮಾಡಿಸಲು ಇಡಬೇಕಿದ್ದ ಭದ್ರತಾ ಠೇವಣಿ ಮನ್ನಾ ಮಾಡಿ, ವಿಪಿಎನ್ ಹಾಕಿಕೊಂಡು ದುಡಿಯಿರಿ ಎಂದಿತು. 2021ರಲ್ಲಿ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ ವಿಪಿಎನ್‌ಗಳನ್ನು ಶಾಶ್ವತವಾಗಿ ತಡೆಯಬೇಕು ಎಂದಿತು. ಆಗ ದೇಶದ ಐಟಿ ರಫ್ತು ನಡೆಯುತ್ತಿದ್ದುದು ವಿಪಿಎನ್‌ನ ಮೇಲೆಯೇ.

2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಹೊರಡಿಸಿತು. ವಿಪಿಎನ್ ಸೇವೆ ಮಾರುವವರು ಗ್ರಾಹಕರ ಹೆಸರು, ವಿಳಾಸ, ಐಪಿ, ಬಳಕೆಯ ಉದ್ದೇಶವನ್ನೆಲ್ಲ 5 ವರ್ಷ ಕಾಪಿಡಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ತಮ್ಮ ಸರ್ವರ್‌ಗಳನ್ನು ಎತ್ತಿಕೊಂಡು ಭಾರತದಿಂದ ಹೊರಟೇಬಿಟ್ಟವು. ಕಂಪನಿಗಳ ಒಳಬಳಕೆಯ ವಿಪಿಎನ್‌ಗೆ ಇದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಆಮೇಲೆ ಬಂತು. ಅಂದರೆ ಕಂಪನಿಯ ಗುಟ್ಟು ಗುಟ್ಟು. ನಾಗರಿಕನ ಗುಟ್ಟು ಅನುಮಾನಾಸ್ಪದ.

ನಾಗರಿಕನೇನು ಕಡಿಮೆಯೇ? ಪುಕ್ಕಟೆ ವಿಪಿಎನ್ ಇಲ್ಲದ ಫೋನು ನಮ್ಮ ಅರಳಿಕಟ್ಟೆಯ ಮೇಲೆ ಅಪರೂಪ. ಬ್ಲಾಕ್ ಆದ ಬೆಟ್ಟಿಂಗ್ ಸೈಟು ತೆರೆಯಲು ಅದು ಬೇಕು. ಕೇಳಿದರೆ “ಪ್ರೈವೆಸಿ ಸಾ” ಎನ್ನುತ್ತಾನೆ. ಒನಾವೊ ಎಂಬ ಪುಕ್ಕಟೆ ವಿಪಿಎನ್ ಫೇಸ್‌ಬುಕ್ಕಿನದೇ ಆಗಿತ್ತು. ಜನ ಫೋನಿನಲ್ಲಿ ಏನು ಮಾಡುತ್ತಾರೆಂದು ಗಮನಿಸುವುದೇ ಅದರ ಕೆಲಸ. 2018ರಲ್ಲಿ ಆ್ಯಪಲ್ ಅಂಗಡಿಯಿಂದ ಜಾಗ ಖಾಲಿ ಮಾಡಿತು, ಮರು ವರ್ಷ ಮುಚ್ಚಿತು. ಹೋಲಾ ಎಂಬುದು ತನ್ನ ಬಳಕೆದಾರರ ಸಂಪರ್ಕವನ್ನೇ ಇನ್ನೊಬ್ಬರಿಗೆ ಮಾರುತ್ತಿದ್ದದ್ದು 2015ರಲ್ಲಿ ಬಯಲಾಯಿತು. ಇಂಥ ಪುಕ್ಕಟೆ ವಿಪಿಎನ್ ಇರುವ ಫೋನಿನ ಹಾಟ್‌ಸ್ಪಾಟಿನಲ್ಲಿ ಕಚೇರಿಯ ಲ್ಯಾಪ್‌ಟಾಪೂ ಕೂತಿರುತ್ತದೆ.

ಇನ್ನು ನಿಜವಾದ ತೂತು. ಅದು ಪ್ರೊಟೊಕಾಲಿನಲ್ಲಿಲ್ಲ.

2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲು ಹರಿಸುವ ಕಲೋನಿಯಲ್ ಪೈಪ್‌ಲೈನ್ ನಿಂತುಹೋಯಿತು. ಬಂಕುಗಳ ಮುಂದೆ ಸಾಲು. ಸುಲಿಗೆಕೋರರಿಗೆ ಕೊಟ್ಟದ್ದು ಸುಮಾರು 44 ಲಕ್ಷ ಡಾಲರ್. ಗೂಢಲಿಪಿಯನ್ನು ಯಾರೂ ಒಡೆದಿರಲಿಲ್ಲ. ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆ, ಸೋರಿಹೋಗಿದ್ದ ಒಂದು ಪಾಸ್‌ವರ್ಡ್, ಒಟಿಪಿ ಇಲ್ಲ. ಇಷ್ಟು ಸಾಕಾಯಿತು.

ಅಷ್ಟು ದೂರ ಯಾಕೆ? 2024ರ ಫೆಬ್ರುವರಿಯಲ್ಲಿ ನಾಫೆಡ್‌ಗೆ ಬೆಂಬಲ ಬೆಲೆಯಲ್ಲಿ ಉಂಡೆ ಕೊಬ್ಬರಿ ಮಾರಲು ರೈತರ ನೋಂದಣಿ ನಡೆಯಿತು. ಕ್ವಿಂಟಲ್‌ಗೆ 12,000 ರೂಪಾಯಿ. ರೈತ ಇನ್ನೂ ಸಾಲಿನಲ್ಲಿ ನಿಂತಿದ್ದಾಗಲೇ ಕೋಟಾ ಮುಗಿಯಿತು. ಅಕ್ರಮ ನೋಂದಣಿಯ ದೂರುಗಳು ಎದ್ದವು. ಸರ್ಕಾರ ಆ ನೋಂದಣಿಯನ್ನೇ ರದ್ದು ಮಾಡಿ, ಬಯೋಮೆಟ್ರಿಕ್ ಕಡ್ಡಾಯ ಮಾಡಿ, ಮತ್ತೆ ನೋಂದಣಿ ನಡೆಸಿತು. ರೈತ ಮತ್ತೆ ಸಾಲು ನಿಂತ. ಹ್ಯಾಕರ್ ಬಂದಿದ್ದ ಎಂದು ಯಾರೂ ದೂರಲಿಲ್ಲ. ಬರುವ ಅಗತ್ಯ ಅವನಿಗೆ ಎಲ್ಲಿತ್ತು?

ತಮಾಷೆ ಏನು ಗೊತ್ತೆ? ಬೆರಳು ಒತ್ತಿಸುವ ಬುದ್ಧಿ ಈ ರಾಜ್ಯಕ್ಕೆ ಹೊಸದಲ್ಲ. 2001ರ ಭೂಮಿ ಯೋಜನೆಯಲ್ಲೇ ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕಂಪ್ಯೂಟರಿನೊಳಗೆ ಹೋಗಬೇಕಿತ್ತು. ಎರಡು ದಶಕದ ಹಿಂದೆ ಕಲಿತ ಪಾಠವನ್ನು ಅಕ್ರಮ ನಡೆದ ಮೇಲೆ ನೆನಪಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಸುಧಾರಣೆ ಎನ್ನುತ್ತಾರೆ.

ಮನುಷ್ಯರೊಳಗಿನ ಈ ತೂತು ಇರುವತನಕ ವೈರ್‌ಗಾರ್ಡ್ ಆದರೇನು, ಐಕೆಇವಿ2 ಆದರೇನು? ಸಾಹೇಬರ ಲಾಗಿನ್ ಕ್ಲರ್ಕಿಗೆ ಗೊತ್ತು. ಕ್ಲರ್ಕಿನದು ಹೊರಗುತ್ತಿಗೆ ಹುಡುಗನಿಗೆ ಗೊತ್ತು. ಒಟಿಪಿ ಸಾಹೇಬರ ಫೋನಿಗೆ ಬರುತ್ತದೆ, ಸಾಹೇಬರು ಮದುವೆ ಊಟದ ಪಂಕ್ತಿಯಿಂದಲೇ ಓದಿ ಹೇಳುತ್ತಾರೆ. ಗೋಡೆಯ ಮೇಲೆ ಸಿದ್ಧಗಂಗಾ ಶ್ರೀಗಳ ಪಟ. ಪಟದ ಕೆಳಗೆ ಚೀಟಿ. ಚೀಟಿಯಲ್ಲಿ ಪಾಸ್‌ವರ್ಡ್. ಊರ ಹೆಸರು, ಅಟ್, ಒಂದು ಎರಡು ಮೂರು.

ಖಾಸಗಿ ಕಂಪನಿಯವರು ನಗಬೇಡಿ. ನಿಮ್ಮದೂ ಇದೆ.

ನೌಕರನಿಗೆ ವರ್ಷಕ್ಕೊಮ್ಮೆ ಸೈಬರ್ ಭದ್ರತೆಯ ಕಡ್ಡಾಯ ಪರೀಕ್ಷೆ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟವನ ವಿಪಿಎನ್ ಖಾತೆ ಇನ್ನೂ ಜೀವಂತ. “ಭದ್ರತೆಯ ಕಾರಣಕ್ಕೆ” ಎಲ್ಲರೂ ಕಚೇರಿಗೇ ಬನ್ನಿ ಎಂದು ಮೇಲ್ ಕಳಿಸುತ್ತೀರಿ. ಕಚೇರಿಗೆ ಬಂದವನು ಅದೇ ಲ್ಯಾಪ್‌ಟಾಪ್ ತೆರೆದು ಮುಂಬೈಯಲ್ಲೋ ಸಿಂಗಪುರದಲ್ಲೋ ಇರುವ ಸರ್ವರಿಗೆ ಅದೇ ವಿಪಿಎನ್‌ನಲ್ಲಿ ಹೋಗುತ್ತಾನೆ. ಬದಲಾದದ್ದು ಅವನ ಕುರ್ಚಿ ಮತ್ತು ಅವನ ಬಾಡಿಗೆ. ಸುಮಾರು 140 ಕಿಲೋಮೀಟರ್ ಆಚೆಯ ತಿಪಟೂರಿನಿಂದ ಅವನನ್ನು ಎಳೆತಂದಿರಿ. ಅತ್ತ ಸರ್ಕಾರ “ಬಿಯಾಂಡ್ ಬೆಂಗಳೂರು” ಎಂದು ಸಮಾವೇಶ ಮಾಡುತ್ತದೆ. 

ಆಗಬೇಕಾದದ್ದು ಬಹಳವಿಲ್ಲ. ಪಿಪಿಟಿಪಿ ಇಂದೇ ಆರಿಸಿ. ಎಲ್2ಟಿಪಿಗೆ ತಿಂಗಳ ಗಡುವು ಕೊಡಿ. ತಿಳಿದ ಒಬ್ಬನಿದ್ದರೆ ವೈರ್‌ಗಾರ್ಡ್ ಹಾಕಿ. ವಿಂಡೋಸೂ ಫೋನೂ ಬೆರೆತ ಕಚೇರಿಗೆ ಐಕೆಇವಿ2, ಅದೂ ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣಪತ್ರ ಕೊಟ್ಟು. ಕೊನೆಯ ದಾರಿಯಾಗಿ ಓಪನ್‌ವಿಪಿಎನ್. ಡಬ್ಬಿ ಇದ್ದರೆ ತೇಪೆ ಬಂದ ವಾರವೇ ಹಾಕಿ. ಟ್ಯಾಲಿಯನ್ನು ಸುರಂಗದ ಒಳಕ್ಕೆ ಸರಿಸಿ, 3389 ಮುಚ್ಚಿ. ಒಬ್ಬನಿಗೆ ಒಂದು ಖಾತೆ, ಎರಡನೆಯ ಗುರುತು ಕಡ್ಡಾಯ. ಕೆಲಸ ಬಿಟ್ಟವನ ಖಾತೆ ಅವನ ಬೀಳ್ಕೊಡುಗೆಯ ಹಾರ ಬಾಡುವ ಮೊದಲು ಮುಚ್ಚಿ.

ಎಲ್ಲಕ್ಕಿಂತ ಮೊದಲು ಗೋಡೆಯ ಚೀಟಿ ಹರಿಯಿರಿ. ಅದಕ್ಕೆ ಸಮಿತಿ ಬೇಡ. ಮೂರು ದರಪಟ್ಟಿ ಬೇಡ. ಟೆಂಡರ್ ಬೇಡ. ಒಂದು ರೂಪಾಯಿ ಖರ್ಚಿಲ್ಲ. ಆದ್ದರಿಂದಲೇ ಅದು ಇನ್ನೂ ಅಲ್ಲಿದೆ.